ಕೆರೆಬಿಳಚಿಯ ಹುಡುಗರೂ ಪತ್ರಿಕೋದ್ಯಮದ ತರಗತಿಯೂ

ಪತ್ರಿಕೆ ಓದುವುದಕ್ಕೆ ನಮಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಹೋಟೆಲಿನ ಬೆಂಚಿನ ಮೇಲೆ ಬಿದ್ದಿದ್ದನ್ನೋ, ಮಂಡಕ್ಕಿ ಕಟ್ಟಿಕೊಟ್ಟ ಹಾಳೆಯನ್ನೋ ಬಿಡಿಸಿ ಓದಿದರಾಯಿತು. ಆದರೆ ಅದರಲ್ಲಿ ಏನು ಬರೆಯಬೇಕು, ಏನು ಬಿಡಬೇಕು, ಯಾವುದು ಮೊದಲ ಪುಟಕ್ಕೆ, ಯಾವುದು ಮೂಲೆಗೆ ಎಂದು ತೀರ್ಮಾನ ಮಾಡುವ ಕುರ್ಚಿ ಒಂದಿದೆಯಲ್ಲ, ಆ ಕುರ್ಚಿಗೆ ಹೋಗುವ ದಾರಿ ಯಾವುದು? ಆ ದಾರಿಯಲ್ಲಿ ನಮ್ಮವರು ಎಷ್ಟು ಮಂದಿ ನಡೆದರು, ಎಲ್ಲಿಯವರೆಗೆ ನಡೆದರು? ಇದನ್ನು ಕೇಳಿಕೊಳ್ಳದೆ ಕನ್ನಡ ಪತ್ರಿಕೋದ್ಯಮದ ಚರಿತ್ರೆ ಬರೆದವರೇ ಹೆಚ್ಚು. ನಾವು ಅದನ್ನು ಒಂದು ಹಳ್ಳಿಯ ಕಡೆಯಿಂದ ಕೇಳಲು ಹೊರಟಿದ್ದೇವೆ.

ಹಳ್ಳಿಯ ಹೆಸರು ಕೆರೆಬಿಳಚಿ. ಚನ್ನಗಿರಿ ತಾಲ್ಲೂಕು. ಪಕ್ಕದಲ್ಲೇ ಸೂಳೆಕೆರೆ. ಸರ್ಕಾರದ ಕಾಗದದಲ್ಲಿ ಅದು ಶಾಂತಿಸಾಗರ, ಜನರ ಬಾಯಲ್ಲಿ ಮಾತ್ರ ಸೂಳೆಕೆರೆಯೇ. ಕೆರೆ ಕಟ್ಟಲು ನೆಲ ಬಿಟ್ಟುಕೊಟ್ಟ ಸೂಳೆಯರು ತಮ್ಮ ಹೆಸರು ಉಳಿಯಬೇಕೆಂದು ಕರಾರು ಹಾಕಿದರಂತೆ, ಕಟ್ಟಿಸಿದವಳು ಶಾಂತವ್ವ ಎಂಬ ಅರಸುಮಗಳಂತೆ. ತೂಬುಗಳಿಗೂ ಸಿದ್ದ, ಬಸವ ಎಂದು ಹೆಸರಿದೆ. ಮಣ್ಣು ಅಗೆದವರ, ಹೊತ್ತವರ, ಏರಿಗೆ ಕಲ್ಲು ಕೂರಿಸಿದವರ ಹೆಸರು ಮಾತ್ರ ಐತಿಹ್ಯದಲ್ಲೂ ಇಲ್ಲ, ಗೆಜೆಟಿಯರಿನಲ್ಲೂ ಇಲ್ಲ. ದುಡಿದವರು ಬರೆಯುವವರಾಗಿರಲಿಲ್ಲ, ಬರೆಯುವವರು ಅವರನ್ನು ಕೇಳಲಿಲ್ಲ. ನಮ್ಮ ಪತ್ರಿಕೆಗಳ ಚರಿತ್ರೆಯೂ ಬಹುಮಟ್ಟಿಗೆ ಹೀಗೇ ನಡೆದುಕೊಂಡು ಬಂದಿದೆ.

ಈ ಊರಿನಿಂದ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಕೆರೆಬಿಳಚಿ ಇದ್ದಲ್ಲೇ ಇದೆ, ಅದರ ವಿಶ್ವವಿದ್ಯಾಲಯ ಮಾತ್ರ ಎರಡು ಸಲ ಬದಲಾಯಿತು. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯ ಬಹುಕಾಲ ಇಲ್ಲಿಯವರ ವಿಶ್ವವಿದ್ಯಾಲಯ. 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂತು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಗಿ ಚನ್ನಗಿರಿ ಶಿವಮೊಗ್ಗದಿಂದ ಆ ಕಡೆಗೆ ಸೇರಿತು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವಾಯಿತು. ಅಜ್ಜನ ಕಾಲಕ್ಕೆ ರೈಲು ಹತ್ತಿ ಹೋಗಬೇಕಾಗಿದ್ದ ವಿದ್ಯೆ ಮೊಮ್ಮಗಳ ಕಾಲಕ್ಕೆ ಬಸ್ಸಿನ ದೂರಕ್ಕೆ ಬಂದಿದೆ. ಹತ್ತಿರ ಬಂದದ್ದು ನಿಜ. ಬಂದದ್ದು ನಮಗೆ ದಕ್ಕಿದೆಯೇ ಎನ್ನುವುದು ಬೇರೆ ಪ್ರಶ್ನೆ.

ಮೊದಲಿಂದ ನೋಡೋಣ. ಕನ್ನಡದ ಮೊದಲ ಪತ್ರಿಕೆ 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರಬಿತ್ತು. ತಂದವನು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್, ಪತ್ರಿಕೆ ‘ಮಂಗಳೂರ ಸಮಾಚಾರ’. ಮಾರನೆಯ ವರ್ಷವೇ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು. ಪರದೇಶದ ಪಾದ್ರಿಗೆ ತನ್ನ ಧರ್ಮಪ್ರಚಾರದ ಉದ್ದೇಶವಿತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಅಕ್ಷರವನ್ನು ಅಗ್ಗದ ಹಾಳೆಗೆ ಇಳಿಸಿ ಬೀದಿಗೆ ತಂದವನು ಅವನೇ.

ಆಮೇಲೆ ಮೈಸೂರು ಸಂಸ್ಥಾನದಲ್ಲಿ ಪತ್ರಿಕೆಗಳು ಬೆಳೆದವು. ಅವುಗಳಲ್ಲಿ ದಿಟ್ಟರೂ ಇದ್ದರು. ತಾತಯ್ಯನೆಂದು ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ದರ್ಬಾರನ್ನು ಟೀಕಿಸುವಷ್ಟು ಗಟ್ಟಿಗರು. ಇಂಥವರ ಬಾಯಿ ಕಟ್ಟಲೆಂದೇ 1908ರಲ್ಲಿ ದಿವಾನ್ ಮಾಧವರಾಯರ ಕಾಲದಲ್ಲಿ ಪತ್ರಿಕೆಗಳ ಮೇಲೆ ಕರಾಳ ಕಾನೂನು ಬಂತು. ಈ ಹೋರಾಟವನ್ನು ನಾವು ಕಡೆಗಣಿಸುವುದಿಲ್ಲ. ಆದರೆ ಬರೆಯುತ್ತಿದ್ದವರು ಯಾರು ಎಂದು ನೋಡಿದರೆ ಅಗ್ರಹಾರದಿಂದ ಬಂದವರೇ ಹೆಚ್ಚು. ಬ್ರಾಹ್ಮಣೇತರರು ತಮ್ಮ ಮಾತನ್ನು ಹೇಳಲು ತಮ್ಮದೇ ಪತ್ರಿಕೆ ಕಟ್ಟಬೇಕಾಯಿತು. ಯಜಮಾನ ವೀರಸಂಗಪ್ಪನವರ ‘ಮೈಸೂರು ಸ್ಟಾರ್’ ಲಿಂಗಾಯತರ ದನಿಯಾಯಿತು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿದ ಬೆನ್ನಿಗೆ ‘ಒಕ್ಕಲಿಗರ ಪತ್ರಿಕೆ’ ಬಂತು. 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಗುವ ಹೊತ್ತಿಗೆ ಹೀಗೆ ತಮ್ಮ ಪಾಲು ಕೇಳುವ ಕಸುವು ಈ ಸಮುದಾಯಗಳಿಗೆ ಬಂದಿತ್ತು. ಹೊಲಗೇರಿ ಮಾದಿಗೇರಿಗೆ ಆಗ ಪತ್ರಿಕೆ ಇರಲಿ, ಪತ್ರಿಕೆ ಓದುವ ಶಾಲೆಯ ಬಾಗಿಲೇ ಪೂರಾ ತೆರೆದಿರಲಿಲ್ಲ.

ಆ ಕಾಲದಲ್ಲಿ ಪತ್ರಕರ್ತರಾಗುವುದು ಹೇಗಿತ್ತು? ಯಾರೂ ಕಾಲೇಜಿನಲ್ಲಿ ಕಲಿಯುತ್ತಿರಲಿಲ್ಲ. ಡಿ.ವಿ. ಗುಂಡಪ್ಪನವರು ಮೆಟ್ರಿಕ್ ಕೂಡ ಮುಗಿಸಿದವರಲ್ಲ. ಆದರೂ ‘ಕರ್ನಾಟಕ’ ಪತ್ರಿಕೆ ನಡೆಸಿದರು, ಪತ್ರಿಕೆಗಳ ಬಗ್ಗೆ 1928ರಲ್ಲೇ ಕನ್ನಡದಲ್ಲಿ ಪುಸ್ತಕ ಬರೆದರು. ಅವರ ಯೋಗ್ಯತೆಯ ಬಗ್ಗೆ ನಮಗೆ ತಕರಾರಿಲ್ಲ. ನಮ್ಮ ತಕರಾರು ಈ ಉದಾಹರಣೆ ಇಟ್ಟುಕೊಂಡು ಇವತ್ತಿಗೂ ಹೇಳುವ ಮಾತಿನ ಬಗ್ಗೆ: ‘ಪತ್ರಕರ್ತ ಹುಟ್ಟುತ್ತಾನೆ ಕಣಯ್ಯ, ತರಗತಿಯಲ್ಲಿ ತಯಾರಾಗೋದಿಲ್ಲ.’ ಕೇಳೋಕೆ ಚೆನ್ನಾಗಿದೆ. ಆದರೆ ಹುಟ್ಟುತ್ತಾನೆ ಅಂದರೆ ಎಲ್ಲಿ ಹುಟ್ಟುತ್ತಾನೆ? ಮನೆಯಲ್ಲಿ ಪುಸ್ತಕವಿದ್ದು, ಚಿಕ್ಕಪ್ಪನೋ ಸೋದರಮಾವನೋ ಅಚ್ಚುಕೂಟದಲ್ಲಿದ್ದು, ಸಂಜೆ ಜಗಲಿಯ ಮೇಲೆ ರಾಜಕೀಯ ಮಾತಾಡುವವರಿದ್ದು, ಸಂಪಾದಕರಿಗೆ ಒಂದು ಚೀಟಿ ಬರೆದುಕೊಡುವ ನೆಂಟರಿದ್ದ ಕಡೆ ಹುಟ್ಟುತ್ತಾನೆ. ಅಲ್ಲಿ ಮನೆಯೇ ಕಾಲೇಜು. ಇದು ಕಸುಬನ್ನು ಹುಟ್ಟಿಗೆ ಕಟ್ಟುವ ಹಳೆಯ ಮಾತೇ, ಹೊಸ ಅಂಗಿ ತೊಟ್ಟು ಬಂದಿದೆ ಅಷ್ಟೆ. ಕೆರೆಬಿಳಚಿಯ ಕೂಲಿಯವನ ಮಗನಿಗೆ ಅಂಥ ಚಿಕ್ಕಪ್ಪ ಎಲ್ಲಿಂದ ಬರಬೇಕು? ಅವನಿಗೆ ತರಗತಿಯೇ ಬೇಕು.

ಬಾಬಾಸಾಹೇಬರ ಉದಾಹರಣೆ ನಮ್ಮ ಮುಂದಿದೆ. ಅಮೆರಿಕದಲ್ಲಿ ಪತ್ರಿಕೋದ್ಯಮ ಕಲಿಸುವ ಶಾಲೆ ಮಿಸ್ಸೂರಿ ವಿಶ್ವವಿದ್ಯಾಲಯದಲ್ಲಿ 1908ರಲ್ಲಿ ಶುರುವಾಯಿತು. ಪುಲಿಟ್ಜರ್ ಎಂಬ ಪತ್ರಿಕೆಯ ಒಡೆಯ ಬಿಟ್ಟುಹೋದ ಹಣದಿಂದ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ 1912ರಲ್ಲಿ ಇನ್ನೊಂದು ತೆರೆಯಿತು. ಮಾರನೆಯ ವರ್ಷ, 1913ರಲ್ಲಿ, ಅದೇ ಕೊಲಂಬಿಯಾಕ್ಕೆ ಅಂಬೇಡ್ಕರ್ ಹೋದರು. ಅವರು ಓದಿದ್ದು ಅರ್ಥಶಾಸ್ತ್ರ, ಪತ್ರಿಕೋದ್ಯಮವಲ್ಲ. ಆದರೆ ತಿರುಗಿ ಬಂದಮೇಲೆ 1920ರ ಜನವರಿ 31ರಂದು ‘ಮೂಕನಾಯಕ’ ಹೊರಡಿಸಿದರು. ಕೊಲ್ಲಾಪುರದ ಶಾಹೂ ಮಹಾರಾಜರು 2,500 ರೂಪಾಯಿ ಕೊಟ್ಟರು. ‘ಮೂಕನಾಯಕ’ ಹೊರಡುತ್ತಿದೆ ಎಂಬ ಜಾಹೀರಾತನ್ನು ಕಾಸು ಕೊಡುತ್ತೇವೆಂದರೂ ತಿಲಕರ ‘ಕೇಸರಿ’ ಹಾಕಲಿಲ್ಲ. ಇದನ್ನು ಯಾವ ಪತ್ರಿಕೋದ್ಯಮ ತರಗತಿಯೂ ಬಿಡಬಾರದು. ದೇಶಕ್ಕೆ ಸ್ವಾತಂತ್ರ್ಯ ಕೇಳಿದ ಪತ್ರಿಕೆ ಅಸ್ಪೃಶ್ಯನ ಪತ್ರಿಕೆಗೆ ನಾಲ್ಕು ಸಾಲಿನ ಜಾಗ ಕೊಡಲಿಲ್ಲ. ಮುಂದೆ 1927ರಲ್ಲಿ ‘ಬಹಿಷ್ಕೃತ ಭಾರತ’, 1930ರಲ್ಲಿ ‘ಜನತಾ’, 1956ರಲ್ಲಿ ‘ಪ್ರಬುದ್ಧ ಭಾರತ’. ಸಂವಿಧಾನ ಬರೆದ ಕೈ ಅದಕ್ಕೆ ಮೂವತ್ತು ವರ್ಷ ಮೊದಲೇ ಪತ್ರಿಕೆಯ ಕೈಯಾಗಿತ್ತು.

ನಮ್ಮ ದೇಶದಲ್ಲಿ ಪತ್ರಿಕೋದ್ಯಮವನ್ನು ವಿಶ್ವವಿದ್ಯಾಲಯಕ್ಕೆ ತರುವ ಪ್ರಯತ್ನ 1938ರಲ್ಲಿ ಅಲೀಗಢದಲ್ಲಿ ಆಗಿ ನಿಂತುಹೋಯಿತು. 1941ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಪಿ.ಪಿ. ಸಿಂಗ್ ಶುರು ಮಾಡಿದ್ದು ನಿಂತಿತು. ದೇಶ ಒಡೆದಾಗ ಅದು ದಿಲ್ಲಿಗೆ ವಲಸೆ ಬಂತು. 1947ರಲ್ಲಿ ಮದರಾಸು. 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜು. ಮೈಸೂರಿನಲ್ಲಿ ಈ ವಿಭಾಗ ಕಟ್ಟಿದವರು ನಾಡಿಗ ಕೃಷ್ಣಮೂರ್ತಿಯವರು. 1966ರಲ್ಲಿ ಅವರ ಭಾರತೀಯ ಪತ್ರಿಕೋದ್ಯಮದ ಚರಿತ್ರೆ ಇಂಗ್ಲಿಷಿನಲ್ಲಿ ಬಂತು. ದೇಶದ ಎಷ್ಟೋ ಕಡೆ ಅದನ್ನೇ ಓದಿದರು. ವಿಭಾಗ ಮುಂದೆ ಮಾನಸಗಂಗೋತ್ರಿಗೆ ಬೆಳೆಯಿತು. 1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾಲಯವೂ ಎಪ್ಪತ್ತರ ದಶಕದಲ್ಲಿ ಈ ವಿಷಯಕ್ಕೆ ತನ್ನದೇ ವಿಭಾಗ ತೆರೆಯಿತು.

ಇದರ ಅರ್ಥವೇನು? ಒಂದು ಕಸುಬು ಮೊದಲ ಬಾರಿಗೆ ಮನೆಯಿಂದ ಹೊರಗೆ ಬಂತು. ನೆಂಟಸ್ತನದ ಚೀಟಿಯ ಬದಲು ಅರ್ಜಿ ಫಾರಂ ಬಂತು. ಅಂಕಪಟ್ಟಿ ನೋಡುತ್ತಾರೆ, ಮೀಸಲಾತಿ ನೋಡುತ್ತಾರೆ, ಸೀಟು ಕೊಡುತ್ತಾರೆ. ಸರ್ಕಾರಿ ವಿಶ್ವವಿದ್ಯಾಲಯವೆಂದರೆ ಇದು. ಅದರ ಎಲ್ಲ ಹುಳುಕುಗಳ ನಡುವೆಯೂ ಈ ಒಂದು ಕಾರಣಕ್ಕೆ ಅದು ನಮ್ಮದು.

ಆದರೆ ಅರ್ಜಿ ಫಾರಂ ಬಂದ ಮಾತ್ರಕ್ಕೆ ಕೆರೆಬಿಳಚಿಯ ಹುಡುಗ ಮೈಸೂರಿಗೆ ಹೋಗಿಬಿಟ್ಟನೇ? ದಾರಿಯನ್ನು ಲೆಕ್ಕ ಹಾಕಿ ನೋಡಿ. ಊರ ಶಾಲೆ ಮುಗಿಸಿ ಚನ್ನಗಿರಿ. ಅಲ್ಲಿಂದ ಶಿವಮೊಗ್ಗ, 1940ರಲ್ಲಿ ಶುರುವಾದ ಸಹ್ಯಾದ್ರಿ ಕಾಲೇಜು ಅಲ್ಲಿತ್ತು. ಅಲ್ಲಿ ಪಾಸಾದರೆ ಭದ್ರಾವತಿ, ಬೀರೂರು, ಅರಸೀಕೆರೆ ದಾಟಿ ಮೈಸೂರು. ಒಂದೊಂದು ನಿಲ್ದಾಣದಲ್ಲೂ ನಮ್ಮ ಹುಡುಗರು ಇಳಿದುಹೋದರು. ಒಬ್ಬನಿಗೆ ಫೀಸು ಸಾಲಲಿಲ್ಲ, ಇನ್ನೊಬ್ಬನ ಅಪ್ಪ ಸತ್ತ, ಮತ್ತೊಬ್ಬನನ್ನು ಗೌಡರ ಸಾಲ ಜೀತಕ್ಕೆ ಎಳೆಯಿತು. ಹುಡುಗಿಯರ ಮಾತಂತೂ ಚನ್ನಗಿರಿಯವರೆಗೂ ಬರಲಿಲ್ಲ. ಉಳಿದವರನ್ನು ಉಳಿಸಿದ್ದು ಎರಡು: ಹಾಸ್ಟೆಲು ಮತ್ತು ಸ್ಕಾಲರ್‌ಶಿಪ್ಪು. ಪರಿಶಿಷ್ಟರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಶುರುವಾಯಿತು. ಅದರ ಹಿಂದೆ ಅಂಬೇಡ್ಕರರ ಒತ್ತಾಯವಿತ್ತು. ದೇವರಾಜ ಅರಸರ ಕಾಲದಲ್ಲಿ, 1972ರ ನಂತರ, ಹಿಂದುಳಿದವರ ಹಾಸ್ಟೆಲುಗಳು ಊರೂರಿಗೆ ಬಂದವು. ಮುದ್ದೆ ಸಾರಿನ ಆ ಊಟವನ್ನು ಹೀಯಾಳಿಸುವವರು ಹೀಯಾಳಿಸಲಿ. ಕರ್ನಾಟಕದ ದಲಿತ ಚಳವಳಿಯ ಅಕ್ಷರ ಬಹುಪಾಲು ಆ ಊಟದಿಂದಲೇ ಹುಟ್ಟಿದ್ದು.

ಇನ್ನೊಂದು ಬೇಲಿ ಭಾಷೆಯದು. ಪತ್ರಿಕೋದ್ಯಮದ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿ, ಉದಾಹರಣೆಗಳೆಲ್ಲ ಲಂಡನ್ನು ನ್ಯೂಯಾರ್ಕಿನಲ್ಲಿ. ಕುವೆಂಪು 1956ರಿಂದ 1960ರವರೆಗೆ ಮೈಸೂರಿನ ಕುಲಪತಿಯಾಗಿ ಕನ್ನಡದಲ್ಲಿ ಕಲಿಸಬೇಕೆಂದು ಹಟ ಹಿಡಿದರು, ಮಾನಸಗಂಗೋತ್ರಿಯನ್ನು ಕಟ್ಟಿದರು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಯಲ್ಲೇ ಕನ್ನಡದಲ್ಲಿ ಮಾತಾಡಿದರು. ಲೋಕಸಭೆಗೆ ಕನ್ನಡ ಹೋಯಿತು. ಆದರೆ ಕನ್ನಡ ಪತ್ರಿಕೆಗೆ ಬರೆಯಲು ಕಲಿಯುವ ಹುಡುಗ ಇಂಗ್ಲಿಷ್ ಪುಸ್ತಕದ ಮುಂದೆ ಬೆವರುತ್ತ ಕೂತಿದ್ದ. ಇಂಗ್ಲಿಷ್ ಬೇಡ ಎಂದು ನಾವು ಹೇಳುವುದಿಲ್ಲ. ಇಂಗ್ಲಿಷ್ ಕಲಿಯಿರಿ ಎಂದ ಬಸವಲಿಂಗಪ್ಪನವರ ಮಾತಿಗೂ ಅರ್ಥವಿತ್ತು. ಆ ಮಾತಿಗೆ ಬರೋಣ.

1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟ ಮನುಷ್ಯ ಅವರು. ದಲಿತ ಹುಡುಗರು ಯಾವ ವಿದ್ಯೆಯಿಂದ ಮೇಲೆ ಬರಬೇಕು ಎನ್ನುವುದು ಅವರು ಎತ್ತಿದ ಪ್ರಶ್ನೆ. ಪತ್ರಿಕೆಗಳಲ್ಲಿ ಆ ಪ್ರಶ್ನೆ ಉಳಿಯಲಿಲ್ಲ, ‘ಬೂಸಾ’ ಉಳಿಯಿತು. ಊರೂರಲ್ಲಿ ಮೇಲ್ಜಾತಿ ವಿದ್ಯಾರ್ಥಿಗಳು ಬೀದಿಗಿಳಿದರು. ದಲಿತ ವಿದ್ಯಾರ್ಥಿಗಳ ಮೇಲೆ, ಅವರ ಹಾಸ್ಟೆಲುಗಳ ಮೇಲೆ ಕಲ್ಲು ಬಿತ್ತು, ದೊಣ್ಣೆ ಬಿತ್ತು. ಕುವೆಂಪು ಬಸವಲಿಂಗಪ್ಪನವರ ಪರ ನಿಂತರು. ಆದರೂ ಮಂತ್ರಿ ಪದವಿ ಹೋಯಿತು.

ಗಮನಿಸಬೇಕಾದ್ದು ಇದು: ಈ ಮಾತು ಹುಟ್ಟಿದ ಮೈಸೂರಿನಲ್ಲಿ ಆಗ ಪತ್ರಿಕೋದ್ಯಮ ಕಲಿಸುವುದಕ್ಕೆ ಶುರುವಾಗಿ 22 ವರ್ಷವಾಗಿತ್ತು. ಮಾತನ್ನು ಪೂರ್ತಿ ಕೊಡಬೇಕು, ಸಂದರ್ಭ ಬಿಡಬಾರದು, ಎರಡೂ ಕಡೆಯವರನ್ನು ಕೇಳಬೇಕು ಎನ್ನುವುದು ಆ ಪಾಠದ ಮೊದಲ ಅಕ್ಷರಗಳು. ಪಾಠ ಇತ್ತು, ಪಾಠ ಕಲಿತವರೂ ಇದ್ದರು. ಏಟು ತಿಂದವನ ಕಡೆಯಿಂದ ಬರೆಯುವ ಕೈ ಮಾತ್ರ ಸುದ್ದಿಮನೆಯಲ್ಲಿ ಇರಲಿಲ್ಲ. ಆಗ ನಮ್ಮ ಹುಡುಗರಿಗೆ ಅರ್ಥವಾಯಿತು, ಕಲ್ಲು ಹೊಡೆದವರಷ್ಟೇ ಎದುರಾಳಿಗಳಲ್ಲ, ಮಾರನೆಯ ದಿನ ಅದನ್ನು ಹೇಗೆ ಬರೆದರು ಎನ್ನುವುದೂ ಒಂದು ಕಲ್ಲೇ ಎಂದು. ದಲಿತ ಸಂಘರ್ಷ ಸಮಿತಿಯ ಹುಟ್ಟಿಗೆ ಬೂಸಾ ಗಲಾಟೆ ಒಂದು ಕಾರಣ ಎಂದು ಎಲ್ಲರೂ ಹೇಳುತ್ತಾರೆ. ದಲಿತ ಪತ್ರಿಕೆಗಳ ಹುಟ್ಟಿಗೂ ಅದು ಕಾರಣ. ಹರಿಹರದಲ್ಲಿ ಹುಟ್ಟಿ ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರು ಕಟ್ಟಿದ ಸಂಘಟನೆ ಕೆರೆಬಿಳಚಿಗೆ ಬಹಳ ದೂರದ್ದೇನಲ್ಲ; ಚನ್ನಗಿರಿಯ ಆಚೆ ಭದ್ರಾವತಿ. ‘ಪಂಚಮ’, ‘ಶೂದ್ರ’, ‘ಆಂದೋಲನ’ದಂಥ ಪತ್ರಿಕೆಗಳು ಕೈಯಿಂದ ಕೈಗೆ ಬಂದವು. ಅಚ್ಚು ಅಲ್ಲಲ್ಲಿ ಮಸುಕು, ಚಂದಾ ಹಣ ಸದಾ ಬಾಕಿ. ಆದರೂ ಹಾಸ್ಟೆಲಿನಲ್ಲಿ ಒಂದು ಪ್ರತಿಯನ್ನು ಇಪ್ಪತ್ತು ಜನ ಓದುತ್ತಿದ್ದರು.

ಇನ್ನು ತರಗತಿಯೊಳಗೆ ಏನು ಕಲಿಸುತ್ತಾರೆ ಎನ್ನುವುದನ್ನು ನೋಡೋಣ. ನಾಯಿ ಮನುಷ್ಯನನ್ನು ಕಚ್ಚಿದರೆ ಸುದ್ದಿಯಲ್ಲ, ಮನುಷ್ಯ ನಾಯಿಯನ್ನು ಕಚ್ಚಿದರೆ ಸುದ್ದಿ ಎನ್ನುವುದು ಜಗತ್ತಿನ ಎಲ್ಲ ಪತ್ರಿಕೋದ್ಯಮ ತರಗತಿಗಳಲ್ಲೂ ಮೊದಲ ವಾರ ಹೇಳುವ ಮಾತು. ಅಪರೂಪದ್ದು ಸುದ್ದಿ, ದಿನಾ ಆಗುವುದು ಸುದ್ದಿಯಲ್ಲ. ನಗುತ್ತ ಬರೆದುಕೊಳ್ಳುತ್ತಾರೆ. ಈ ನಿಯಮವನ್ನು ನಮ್ಮ ಕೇರಿಗೆ ಹಚ್ಚಿ ನೋಡಿ. ಹೋಟೆಲಿನಲ್ಲಿ ಬೇರೆ ಲೋಟ ಇಡುವುದು ದಿನಾ ಆಗುತ್ತದೆ, ಆದ್ದರಿಂದ ಸುದ್ದಿಯಲ್ಲ. ದೇವಸ್ಥಾನದ ಹೊರಗೆ ನಿಲ್ಲಿಸುವುದು ತಲೆತಲಾಂತರದ್ದು, ಸುದ್ದಿಯಲ್ಲ. ಕೂಲಿ ಕಡಿಮೆ ಕೊಡುವುದು, ಬೈಯುವುದು, ಹೊಡೆಯುವುದು ಸುದ್ದಿಯಲ್ಲ. ಹೊಡೆಸಿಕೊಂಡವನು ತಿರುಗಿ ಹೊಡೆದರೆ ಅದು ಸುದ್ದಿ! ಜಾತಿಯ ಶಕ್ತಿ ಇರುವುದೇ ದಿನನಿತ್ಯದಲ್ಲಿ. ದಿನನಿತ್ಯವನ್ನು ಸುದ್ದಿಯಲ್ಲ ಎನ್ನುವ ಪಾಠ ಕಲಿತವನು ಎಷ್ಟೇ ಒಳ್ಳೆಯವನಾದರೂ ಜಾತಿಯನ್ನು ಕಾಣಲಾರ.

ಎರಡನೆಯದು ಮೂಲದ ಪ್ರಶ್ನೆ. ಸುದ್ದಿಗೆ ಮೂಲ ಬೇಕು ಎನ್ನುತ್ತಾರೆ. ಸರಿಯಾದ ಮಾತು. ಹಳ್ಳಿಯ ಗಲಾಟೆಗೆ ಮೂಲ ಯಾರು? ಪೊಲೀಸ್ ಠಾಣೆ. ಠಾಣೆಯಿಂದ ತಾಲ್ಲೂಕಿನ ವರದಿಗಾರನಿಗೆ. ಈ ವರದಿಗಾರ ಯಾರು? ಬಹಳ ಕಡೆ ಅವನಿಗೆ ಸಂಬಳವಿಲ್ಲ, ಅಥವಾ ಬಂದರೂ ಎಣ್ಣೆಗೆ ಸಾಲದು. ಪತ್ರಿಕೆಯ ಏಜೆನ್ಸಿಯೂ ಅವನದೇ, ಜಾಹೀರಾತು ತರುವುದೂ ಅವನೇ. ಡಿಪಾಜಿಟ್ ಕಟ್ಟಲು ದುಡ್ಡಿದ್ದವನು, ಅಂಗಡಿಯಿದ್ದವನು, ಊರಲ್ಲಿ ನಾಲ್ಕು ಜನ ಮಾತು ಕೇಳುವಂಥವನು ಆ ಕೆಲಸ ಹಿಡಿಯುತ್ತಾನೆ. ಜಾಹೀರಾತು ಕೊಡುವ ಜಮೀನ್ದಾರನ ಮೇಲೆ ಅವನು ಬರೆಯಬೇಕು! ಬರೆದಾಗ ಹೇಗೆ ಬರೆಯುತ್ತಾನೆ? ‘ಕ್ಷುಲ್ಲಕ ಕಾರಣಕ್ಕೆ ಎರಡು ಗುಂಪುಗಳ ನಡುವೆ ಮಾರಾಮಾರಿ.’ ಈ ಸಾಲನ್ನು ಎಷ್ಟು ಸಲ ಓದಿಲ್ಲ ನಾವು! ಕೆದಕಿ ನೋಡಿದರೆ ಕ್ಷುಲ್ಲಕ ಕಾರಣ ಏನು? ದಲಿತ ಹುಡುಗ ಹೊಸ ಬಟ್ಟೆ ಹಾಕಿಕೊಂಡು ಊರೊಳಗೆ ಬೈಕಿನಲ್ಲಿ ಹೋದದ್ದು. ನಲ್ಲಿಯಲ್ಲಿ ಮೊದಲು ಕೊಡ ಇಟ್ಟದ್ದು. ಗುಂಪುಗಳು ಎರಡೇನೋ ನಿಜ, ಒಂದು ಹೊಡೆದದ್ದು, ಒಂದು ಹೊಡೆಸಿಕೊಂಡದ್ದು. ಹೊಡೆದವರಿಗೂ ಹೊಡೆಸಿಕೊಂಡವರಿಗೂ ಸಮವಾಗಿ ‘ಗುಂಪು’ ಎಂದು ಬರೆದದ್ದೇ ಪತ್ರಿಕೆಯ ಸಮಾನತೆ.

ಇದನ್ನು ಮುರಿಯಲು ಪ್ರಯತ್ನವೇ ನಡೆಯಲಿಲ್ಲ ಎಂದರೆ ಚರಿತ್ರೆಗೆ ಅನ್ಯಾಯ. 1980ರಲ್ಲಿ ಪಿ. ಲಂಕೇಶ್ ‘ಲಂಕೇಶ್ ಪತ್ರಿಕೆ’ ತೆಗೆದರು. ಶಿವಮೊಗ್ಗ ಸೀಮೆಯ ಕೊನಗವಳ್ಳಿಯವರು, ಪತ್ರಿಕೋದ್ಯಮದವರಲ್ಲ, ಇಂಗ್ಲಿಷ್ ಮೇಷ್ಟ್ರು. ಜಾಹೀರಾತು ಇಲ್ಲದೆ, ಓದುವವರು ಕೊಟ್ಟ ಕಾಸಿನಿಂದಲೇ ವಾರಪತ್ರಿಕೆ ನಡೆಸಬಹುದೆಂದು ತೋರಿಸಿದರು. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಓದುಗರಿಂದಲೇ ಷೇರು ಹಣ ಕೂಡಿಸಿ ಮಂಗಳೂರಿನಲ್ಲಿ ‘ಮುಂಗಾರು’ ದಿನಪತ್ರಿಕೆ ಕಟ್ಟಿದರು. ಹಿಂದುಳಿದ ಜಾತಿಗಳ ಹುಡುಗರನ್ನು ಕರೆದು ಬರೆಯಲು ಕಲಿಸಿದರು. ಪತ್ರಿಕೆ ಬಾಳಲಿಲ್ಲ, ಅಲ್ಲಿ ಕಲಿತವರು ಬಾಳಿದರು. ದಿನೇಶ್ ಅಮಿನ್ ಮಟ್ಟು ಅಂಥವರಲ್ಲೊಬ್ಬರು. ಅದೇ ದಶಕದಲ್ಲಿ ಕೆ.ಎನ್. ಹರಿಕುಮಾರ್ ಸಂಪಾದಕರಾಗಿದ್ದಾಗ ‘ಪ್ರಜಾವಾಣಿ’ ಬೇಕೆಂದೇ ದಲಿತ, ಹಿಂದುಳಿದ ಯುವಕರನ್ನು ಒಳಗೆ ತೆಗೆದುಕೊಂಡಿತು. ದಲಿತ ಸಂಘರ್ಷ ಸಮಿತಿ ಕಟ್ಟಿದವರಲ್ಲಿ ಒಬ್ಬರಾದ ಇಂದೂಧರ ಹೊನ್ನಾಪುರ ಅಲ್ಲಿ ಕೆಲಸ ಮಾಡಿ, ಮುಂದೆ ‘ಸುದ್ದಿ ಸಂಗಾತಿ’ ಹೊರಡಿಸಿದರು. 1986ರ ಮಾರ್ಚಿನಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ತಡೆಯಲು ಹೋದ ಕಾರ್ಯಕರ್ತರು ಏಟು ತಿಂದಾಗ, ಪೊಲೀಸರೂ ಪತ್ರಕರ್ತರೂ ಜೊತೆಯಲ್ಲೇ ಏಟು ತಿಂದರು. ಆ ಸುದ್ದಿ ಮೂಲೆಗೆ ಹೋಗಲಿಲ್ಲ. ರಾಜ್ಯವೆಲ್ಲ ಓದಿತು, ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಬೇಕಾಯಿತು. ಚಳವಳಿ ಬೀದಿಯಲ್ಲೂ ನಮ್ಮವರು ಸುದ್ದಿಮನೆಯಲ್ಲೂ ಇದ್ದರೆ ಏನಾಗುತ್ತದೆ ಎನ್ನುವುದಕ್ಕೆ ಆ ಹತ್ತು ವರ್ಷ ಸಾಕ್ಷಿ.

ಆದರೆ ಅದು ಕೆಲವರ ಮನಸ್ಸಿನಿಂದ ಆದದ್ದು, ನಿಯಮದಿಂದ ಆದದ್ದಲ್ಲ. ಮನಸ್ಸಿದ್ದ ಸಂಪಾದಕ ಹೋದರೆ ಬಾಗಿಲು ಮತ್ತೆ ಮುಚ್ಚುತ್ತದೆ. ಲೆಕ್ಕ ನೋಡಿ. 1996ರಲ್ಲಿ ದಿಲ್ಲಿಯಲ್ಲಿ ಒಬ್ಬ ಅಮೆರಿಕದ ಪತ್ರಕರ್ತ ಯಾರಾದರೂ ದಲಿತ ಪತ್ರಕರ್ತನನ್ನು ತೋರಿಸಿ ಎಂದು ಬಿ.ಎನ್. ಉನಿಯಾಲ್ ಅವರನ್ನು ಕೇಳಿದ. ಮೂವತ್ತು ವರ್ಷ ಈ ವೃತ್ತಿಯಲ್ಲಿದ್ದ ಉನಿಯಾಲರಿಗೆ ಒಬ್ಬರೂ ನೆನಪಾಗಲಿಲ್ಲ. ಕೇಂದ್ರ ಸರ್ಕಾರದ ಮಾನ್ಯತೆ ಪಡೆದ 686 ಪತ್ರಕರ್ತರ ಪಟ್ಟಿ ತೆಗೆದರು. 454 ಜನರ ಹೆಸರಿನ ಜೊತೆ ಜಾತಿಯಿತ್ತು, ಅದರಲ್ಲಿ ಒಬ್ಬರೂ ದಲಿತರಿಲ್ಲ. ಉಳಿದವರಲ್ಲಿ 47 ಜನರನ್ನು ವಿಚಾರಿಸಿದರು, ಅಲ್ಲೂ ಇಲ್ಲ. 2006ರಲ್ಲಿ ಯೋಗೇಂದ್ರ ಯಾದವ್, ಅನಿಲ್ ಚಮಡಿಯಾ, ಜಿತೇಂದ್ರ ಕುಮಾರ್ ದಿಲ್ಲಿಯ 37 ಪತ್ರಿಕೆ, ಟಿ.ವಿ.ಗಳ 315 ಮುಖ್ಯಸ್ಥರ ಲೆಕ್ಕ ತೆಗೆದರು. ಪರಿಶಿಷ್ಟ ಜಾತಿ, ಪಂಗಡದವರು ಸೊನ್ನೆ. ಮುಸಲ್ಮಾನರು ನೂರಕ್ಕೆ ಮೂರು. 2019ರಲ್ಲಿ ಆಕ್ಸ್‌ಫಾಮ್ ಮತ್ತು ನ್ಯೂಸ್‌ಲಾಂಡ್ರಿಯವರು ಮತ್ತೆ ಎಣಿಸಿದರು: 121 ಮೇಲಿನ ಹುದ್ದೆಗಳಲ್ಲಿ 106 ಮೇಲ್ಜಾತಿಯವರು, ದಲಿತರು ಆದಿವಾಸಿಗಳು ಒಬ್ಬರೂ ಇಲ್ಲ. 23 ವರ್ಷದಲ್ಲಿ ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ಇವು ದಿಲ್ಲಿಯ ಕಡೆಯ ಲೆಕ್ಕಗಳು ನಿಜ. ಕನ್ನಡದ ಸುದ್ದಿಮನೆಗಳಲ್ಲಿ ಇಂಥ ಲೆಕ್ಕ ತೆಗೆಯುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೇ ಮಾಡಬೇಕು. ಅದಕ್ಕಿಂತ ಒಳ್ಳೆಯ ಸಂಶೋಧನೆಯ ವಿಷಯ ಇನ್ನೇನಿದೆ?

ಇಲ್ಲೊಂದು ಗಂಟು ಇದೆ, ಅದನ್ನು ಬಿಡಿಸಿ ನೋಡಬೇಕು. ತರಗತಿಗೆ ಮೀಸಲಾತಿ ಇದೆ, ಸುದ್ದಿಮನೆಗೆ ಇಲ್ಲ. ಸಂವಿಧಾನ ವಿಶ್ವವಿದ್ಯಾಲಯದ ಬಾಗಿಲವರೆಗೆ ಕೈಹಿಡಿದು ಕರೆತರುತ್ತದೆ. ಪದವಿ ಕೈಗೆ ಬಂದ ಮೇಲೆ ಎದುರಿಗೆ ಇರುವುದು ಖಾಸಗಿ ಒಡೆಯನ ಮನೆ. ಅಲ್ಲಿ ಮತ್ತೆ ಅದೇ ಹಳೆಯ ಚೀಟಿ, ಅದೇ ‘ಯಾರ ಕಡೆಯವನು?’ ಇಂಟರ್ನ್‌ಶಿಪ್ಪು ಎಂದು ಎರಡು ತಿಂಗಳು ಸಂಬಳವಿಲ್ಲದೆ ಬೆಂಗಳೂರಿನಲ್ಲಿ ದುಡಿಯಬೇಕು. ಅಲ್ಲಿ ಮನೆಯಿದ್ದವನು ದುಡಿಯುತ್ತಾನೆ. ಕೆರೆಬಿಳಚಿಯವನು ರೂಮಿನ ಬಾಡಿಗೆ ಎಲ್ಲಿಂದ ತರಬೇಕು? ಹೀಗೆ ಯೋಗ್ಯತೆಯ ಹೆಸರಿನಲ್ಲಿ ಬಾಡಿಗೆ ಕಟ್ಟಬಲ್ಲವರನ್ನು ಆರಿಸುತ್ತಾರೆ.

ಈ ನಡುವೆ ವಿಶ್ವವಿದ್ಯಾಲಯ ನಮ್ಮ ಹತ್ತಿರಕ್ಕೆ ಬಂತು. ಶಂಕರಘಟ್ಟದಲ್ಲಿ ಪತ್ರಿಕೋದ್ಯಮ ವಿಭಾಗ ಬಂತು. ಮೊದಲು ಮೈಸೂರಿನ, ಆಮೇಲೆ ಕುವೆಂಪು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ದಾವಣಗೆರೆ ತಾನೇ ವಿಶ್ವವಿದ್ಯಾಲಯವಾಗಿ ತೋಳಹುಣಸೆಯಲ್ಲಿ ಅಲ್ಲೂ ಈ ವಿಷಯ ಕಲಿಸುತ್ತಾರೆ. ಬಿ.ಎ.ಯಲ್ಲಿ ಪತ್ರಿಕೋದ್ಯಮ ಓದುವ ಅವಕಾಶ ಎಷ್ಟೋ ಸರ್ಕಾರಿ ಕಾಲೇಜುಗಳಿಗೆ ಬಂದಿದೆ. ಕೂಲಿ ಮಾಡುವವರ ಮಗಳು ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆಗೆ ಬರುವಷ್ಟು ದೂರದಲ್ಲಿ ಈ ವಿದ್ಯೆ ಇರುವುದು ಸಣ್ಣ ಮಾತಲ್ಲ. ಮೈಸೂರಿನ ಕಾಲದಲ್ಲಿ ಅವಳ ಅಜ್ಜಿಗೆ ಇದು ಕನಸಿಗೂ ಬರುವಂತಿರಲಿಲ್ಲ.

ಆದರೆ ಏನಾಗಿದೆ ನೋಡಿ. ನಮ್ಮ ಮಕ್ಕಳು ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಬರುವ ಹೊತ್ತಿಗೆ ಉಳ್ಳವರ ಮಕ್ಕಳು ಅಲ್ಲಿಂದ ಎದ್ದು ಹೋದರು. ಅವರಿಗೆ ಬೆಂಗಳೂರಿನ ಖಾಸಗಿ ಕಾಲೇಜು, ಅಲ್ಲಿ ಕ್ಯಾಮೆರಾ, ಸ್ಟುಡಿಯೋ, ಇಂಗ್ಲಿಷು, ಕಂಪನಿಗಳ ಪರಿಚಯ. ಇಲ್ಲಿ ಖಾಯಂ ಹುದ್ದೆಗಳು ಖಾಲಿ. ಅತಿಥಿ ಉಪನ್ಯಾಸಕರೆಂಬ ಹೆಸರಿನಲ್ಲಿ ವರ್ಷವರ್ಷ ಕೆಲಸದ ಭರವಸೆಯಿಲ್ಲದೆ ಪಾಠ ಮಾಡುವವರು. ಸ್ಕಾಲರ್‌ಶಿಪ್ಪು ಪರೀಕ್ಷೆ ಮುಗಿದ ಮೇಲೆ ಬರುತ್ತದೆ. ಬಾವಿ ನಮಗೆ ಬಿಟ್ಟುಕೊಟ್ಟರು, ಬಿಟ್ಟುಕೊಡುವ ಮೊದಲು ಹಗ್ಗ ತೆಗೆದುಕೊಂಡು ಹೋದರು. ಆಮೇಲೆ ಹೇಳುತ್ತಾರೆ: ‘ಸರ್ಕಾರಿ ಯೂನಿವರ್ಸಿಟೀಲಿ ಏನೈತೆ ಬಿಡ್ರಿ!’

ಇನ್ನು ಕೆಲವರು ಹೇಳುತ್ತಾರೆ, ಈಗ ಪದವಿ ಯಾಕೆ, ಕೈಯಲ್ಲಿ ಮೊಬೈಲು ಇದ್ದರೆ ಎಲ್ಲರೂ ಪತ್ರಕರ್ತರೇ ಎಂದು. ಮೊಬೈಲಿನಿಂದ ಉಪಯೋಗವಾಗಿದೆ, ಇಲ್ಲವೆನ್ನುವುದಿಲ್ಲ. ಠಾಣೆಯಲ್ಲಿ ಮುಚ್ಚಿಹೋಗುತ್ತಿದ್ದ ಹಲ್ಲೆಗಳು ಒಂದು ವಿಡಿಯೋದಿಂದ ಹೊರಗೆ ಬಂದಿವೆ. ಆದರೆ ವಿಡಿಯೋ ಒಂದು ದಿನ ಓಡುತ್ತದೆ. ಮೊಕದ್ದಮೆ ವರ್ಷಗಟ್ಟಲೆ ನಡೆಯುತ್ತದೆ. ಎಫ್.ಐ.ಆರ್. ಓದಲು, ಪಹಣಿ ಹುಡುಕಲು, ಮಾಹಿತಿ ಹಕ್ಕಿನಲ್ಲಿ ಕಾಗದ ತೆಗೆಸಲು, ಪಂಚಾಯಿತಿಯ ಬಜೆಟ್ಟಿನಲ್ಲಿ ಪರಿಶಿಷ್ಟರ ಹಣ ಎಲ್ಲಿ ಹೋಯಿತೆಂದು ಕೇಳಲು, ಮಾನನಷ್ಟದ ಕೇಸು ಬೀಳದಂತೆ ಸತ್ಯವನ್ನು ಬರೆಯಲು ಕಲಿಕೆ ಬೇಕು. ಅದು ಮೊಬೈಲಿನಲ್ಲಿ ಬರುವುದಿಲ್ಲ. ಕಲಿಯದೆ ಕಿರುಚುವವನನ್ನು ಒಡೆಯರು ಹೆದರುವುದಿಲ್ಲ, ಉಪಯೋಗಿಸಿಕೊಳ್ಳುತ್ತಾರೆ. ಕೋಮುದ್ವೇಷದ ಸುಳ್ಳುಸುದ್ದಿ ಹಂಚುವ ಕೈಗಳಲ್ಲಿ ನಮ್ಮ ಹುಡುಗರ ಕೈಗಳೂ ಇರುವುದನ್ನು ನೋಡುತ್ತಿಲ್ಲವೇ? ಮುಸಲ್ಮಾನರು, ಲಿಂಗಾಯತರು, ದಲಿತರು ಒಂದೇ ನೀರು ಕುಡಿದು ಬದುಕುವ ಕೆರೆಬಿಳಚಿಯಂಥ ಊರಿಗೆ ಒಂದು ಸುಳ್ಳು ಸುದ್ದಿ ಏನು ಮಾಡಬಲ್ಲದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಹಳ್ಳಿಯ ಮೇಷ್ಟ್ರುಗಳಿಗೆ, ಮೇಡಂಗಳಿಗೆ ನಾವು ಹೇಳುವುದಿಷ್ಟು. ನಿಮ್ಮ ಶಾಲೆಯಲ್ಲಿ ಗೋಡೆಪತ್ರಿಕೆ ಮಾಡಿಸಿ. ಅದರಲ್ಲಿ ಗಾಂಧಿ ಜಯಂತಿಯ ಪ್ರಬಂಧ ಬೇಡ. ಊರ ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಕೇರಿಗೆ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಮಕ್ಕಳು ಎಣಿಸಿ ಬರೆಯಲಿ. ಸುದ್ದಿ ಎಂದರೇನು ಎಂಬ ಮೊದಲ ಪಾಠ ಅದು. ಪಿ.ಯು.ಸಿ. ಮುಗಿಸಿದ ಹುಡುಗ ಹುಡುಗಿಯರಿಗೆ ಇಂಥದೊಂದು ಓದು ಇದೆ, ನಮ್ಮ ವಿಶ್ವವಿದ್ಯಾಲಯದಲ್ಲೇ ಇದೆ, ಇಷ್ಟು ಫೀಸು, ಇಂಥ ವಿದ್ಯಾರ್ಥಿವೇತನ ಎಂದು ತಿಳಿಸಿ. ಗೊತ್ತಿಲ್ಲದೆಯೇ ತಪ್ಪಿಹೋಗುವವರೇ ಹೆಚ್ಚು.

ವಿದ್ಯಾರ್ಥಿ ಗೆಳೆಯರಿಗೆ: ನಿಮ್ಮ ವಿಭಾಗದ ಖಾಲಿ ಹುದ್ದೆಗಳನ್ನು ತುಂಬಿ ಎಂದು ಕೇಳುವುದು ಮೇಷ್ಟ್ರುಗಳ ಕೆಲಸ ಮಾತ್ರವಲ್ಲ, ನಿಮ್ಮ ಕೆಲಸ. ಪಠ್ಯದಲ್ಲಿ ‘ಕೇಸರಿ’ ಇದ್ದರೆ ‘ಮೂಕನಾಯಕ’ವೂ ಇರಲಿ ಎಂದು ಕೇಳಿ. ಬೂಸಾ ಪ್ರಕರಣದ ದಿನಗಳ ಪತ್ರಿಕೆಗಳನ್ನು ಗ್ರಂಥಾಲಯದಲ್ಲಿ ತೆಗೆದು ಓದಿ, ಯಾರು ಹೇಗೆ ಬರೆದರೆಂದು ಹೋಲಿಸಿ. ರಜಕ್ಕೆ ಊರಿಗೆ ಬಂದಾಗ ಕೆರೆಯ ಏರಿಗೆ ಮಣ್ಣು ಹಾಕಿದವರ ಮಕ್ಕಳು ಮೊಮ್ಮಕ್ಕಳು ಇನ್ನೂ ಇದ್ದಾರೆ, ಅವರನ್ನು ಕೂರಿಸಿಕೊಂಡು ಕೇಳಿ, ಹೆಸರು ಹಾಕಿ ಬರೆಯಿರಿ.

ಕಾರ್ಯಕರ್ತರಿಗೆ: ಭೂಮಿ ಕೇಳಿದೆವು, ಕೂಲಿ ಕೇಳಿದೆವು, ದೇವಸ್ಥಾನ ಕೇಳಿದೆವು, ಹಾಸ್ಟೆಲು ಕೇಳಿದೆವು. ಸರ್ಕಾರದ ಜಾಹೀರಾತಿನ ಹಣದಲ್ಲಿ ನಡೆಯುವ ಪತ್ರಿಕೆ, ಟಿ.ವಿ.ಗಳು ತಮ್ಮಲ್ಲಿ ಯಾರು ಯಾರಿದ್ದಾರೆಂದು ಲೆಕ್ಕ ಕೊಡಲಿ ಎಂದು ಇನ್ನು ಕೇಳಬೇಕಾಗಿದೆ. ಆ ಹಣ ನಮ್ಮ ತೆರಿಗೆಯದು. ಲೆಕ್ಕ ಕೇಳುವ ಹಕ್ಕು ನಮಗಿದೆ.